ಸಿ ಅಂದರೆ ಚಳಿ

ಒಬ್ಬ ಹೆಂಗಸು ನನ್ನ ಮುಖ ಒರೆಸುತ್ತಿದ್ದಳು. ನನಗೆ ನೆನಪಿರುವುದರಲ್ಲಿ ಅದೇ ಮೊದಲನೆಯದು. ಉದ್ದನೆಯ ಮೇಜಿನ ಮೇಲೆ ನನ್ನಂಥವು ನೂರಾರು ಸಾಲಾಗಿ ಕೂತಿದ್ದವು. ಅವಳು ಒಂದೊಂದನ್ನೇ ಎತ್ತಿಕೊಂಡು, ಮುಖದ ಮೇಲೆ ಕೊರೆದಿದ್ದ ಅಕ್ಷರದೊಳಗೆ ಸಣ್ಣ ಕಡ್ಡಿಯಿಂದ ಬಿಳಿ ಬಣ್ಣ ತುಂಬುತ್ತಿದ್ದಳು. ಆಚೀಚೆ ಹರಡಿದ್ದನ್ನು ಬಟ್ಟೆಯ ತುದಿಯಿಂದ ಒರೆಸಿ ಪಕ್ಕಕ್ಕೆ ಇಡುತ್ತಿದ್ದಳು. ಮಾತಿಲ್ಲ, ತಲೆ ಎತ್ತುವುದೂ ಇಲ್ಲ. ನನ್ನ ಸರದಿ ಬಂದಾಗ ಒಂದು ಸಲ ಹೆಚ್ಚಾಗಿಯೇ ಒರೆಸಿದಳು ಎಂದು ನನಗೆ ಅನ್ನಿಸುತ್ತದೆ. ಮಿಕ್ಕವಕ್ಕೂ ಹಾಗೇ ಅನ್ನಿಸಿರಬಹುದು.

ನಾನು ಒಂದು ಗುಂಡಿ. ಕಪ್ಪು ಬಣ್ಣದವನು, ಹೆಬ್ಬೆರಳಿನಷ್ಟು ದಪ್ಪ. ಮುಖದ ಮೇಲೆ ಇಂಗ್ಲಿಷಿನ ಸಿ ಅಕ್ಷರವಿದೆ. ನನ್ನನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ತಿಳಿಹಸಿರು ಕಾರಿನಲ್ಲಿ, ಸ್ಟೇರಿಂಗಿನ ಪಕ್ಕದಲ್ಲಿ ಕೂರಿಸಿದರು. ಬೆನ್ನಿಗೆ ಒಂದು ತಂತಿ ಕಟ್ಟಿದರು. ಆ ತಂತಿ ತಗಡಿನ ಗೋಡೆ ದಾಟಿ ಎಂಜಿನ್ನಿನ ಕಡೆ ಹೋಗಿ ಕಾರ್ಬೊರೇಟರನ್ನು ಹಿಡಿದುಕೊಂಡಿತ್ತು. ಕಾರ್ಬೊರೇಟರ್ ಎಂದರೆ ಪೆಟ್ರೋಲಿಗೂ ಗಾಳಿಗೂ ಮದುವೆ ಮಾಡಿಸುವ ಮನೆ. ಎಂಜಿನ್ ತಣ್ಣಗಿದ್ದಾಗ ಅದಕ್ಕೆ ಪೆಟ್ರೋಲು ಸ್ವಲ್ಪ ಹೆಚ್ಚೇ ಬೇಕು. ಆಗ ನನ್ನನ್ನು ಎಳೆಯಬೇಕು. ಬೆಚ್ಚಗಾದ ಮೇಲೆ ಒಳಗೆ ತಳ್ಳಬೇಕು. ಎಳೆಯುವುದು, ತಳ್ಳುವುದು. ನನ್ನ ಬದುಕು ಅಷ್ಟೇ. ಆದರೆ ತಂತಿಯ ಒಂದು ತುದಿಯಲ್ಲಿ ಎಂಜಿನ್ನಿನ ಉಸಿರು, ಇನ್ನೊಂದು ತುದಿಯಲ್ಲಿ ಮನುಷ್ಯರ ಕೈ. ಎರಡೂ ನನಗೆ ಗೊತ್ತಾಗುತ್ತಿದ್ದವು.

ನನ್ನ ಮೊದಲ ಯಜಮಾನರು ರೇಷ್ಮೆ ಇಲಾಖೆಯ ಮುದ್ದುಮಾದಯ್ಯನವರು. ಮೈಸೂರಿನವರು, ಬಹಳ ಶಿಸ್ತು. ಬೆವರು ತಾಗೀತೆಂದು ನನ್ನನ್ನು ಕರ್ಚೀಫಿನಿಂದ ಹಿಡಿದು ಎಳೆಯುತ್ತಿದ್ದರು. ಹನ್ನೆರಡು ವರ್ಷದಲ್ಲಿ ಅವರ ಬೆರಳು ನನಗೆ ತಾಗಿದ್ದೇ ಇಲ್ಲ. ಕೆಲಸದಿಂದ ನಿವೃತ್ತರಾದಾಗ ಕಾರನ್ನು ರೆಜಿನಾ ಎಂಬ ಇಪ್ಪತ್ತೆಂಟು ವರ್ಷದ ಹುಡುಗಿಗೆ ಮಾರಿ ಕೊಳ್ಳೇಗಾಲಕ್ಕೆ ಹೋದರು. ಹೋಗುವಾಗ ಕರ್ಚೀಫನ್ನು ಸೀಟಿನ ಮೇಲೆ ಬಿಟ್ಟುಹೋದರು. ರೆಜಿನಾ ಅದರಿಂದ ಗಾಜು ಒರೆಸಿ, ಬರಿಗೈಯಲ್ಲಿ ನನ್ನನ್ನು ಹಿಡಿದು ಎಳೆದರು. ಆ ಕೈ ಬೆಚ್ಚಗಿತ್ತು.

ರೆಜಿನಾ ಅವರ ಅಪ್ಪ ಆಂಬುಲೆನ್ಸ್ ಓಡಿಸುತ್ತಿದ್ದವರು. ಮಗಳಿಗೂ ಕಲಿಸಿದ್ದರು. ಮಗಳು ಎನ್.ಆರ್. ಮೊಹಲ್ಲಾದ ತಮ್ಮ ಮನೆಯ ಮುಂದೆ ಬೋರ್ಡು ಹಾಕಿದರು. ಹೆಂಗಸರಿಗೆ ಮಾತ್ರ, ಹೆಂಗಸಿನಿಂದಲೇ ಕಾರು ಕಲಿಸಲಾಗುವುದು ಎಂದು. ಅಂದಿನಿಂದ ಎಲ್ಲರಿಗೂ ಅವರು ರೆಜಿನಾ ಮಿಸ್.

ಕಲಿಯಲು ಬಂದವರಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷು ಬರುತ್ತಿರಲಿಲ್ಲ. ಪುಟ್ಟಗೌರಮ್ಮ ಎಂಬವರು ಮೊದಲ ದಿನ ನನ್ನ ಮುಖ ನೋಡಿ, "ಇದೇನು ಮಿಸ್, ಅರ್ಧ ಬಳೆ ಬರ್ದವ್ರೆ?" ಎಂದು ಕೇಳಿದರು.

"ಅದು ಸಿ. ಸಿ ಅಂದ್ರೆ ಚಳಿ," ಎಂದರು ಮಿಸ್. "ಎಂಜಿನ್‌ಗೆ ಚಳಿ ಅಂದ್ರೆ ಎಳೀರಿ. ಬೆಚ್ಚಗಾಯ್ತು ಅಂದ್ರೆ ತಳ್ಳಿ. ಮರೀಬೇಡಿ."

ಯಾರೂ ಮರೆಯಲಿಲ್ಲ. ಅವತ್ತಿನಿಂದ ನಾನು ಚಳಿ ಗುಂಡಿ. ನನ್ನ ನಿಜವಾದ ಹೆಸರು ಚೋಕ್ ಎಂದು ಬಹಳ ವರ್ಷದ ಮೇಲೆ ಬೇರೆಯವರ ಬಾಯಲ್ಲಿ ಕೇಳಿದೆ. ಅದು ನನಗೆ ಒಗ್ಗಲಿಲ್ಲ.

ಅದೇ ಪುಟ್ಟಗೌರಮ್ಮ ಲೈಸೆನ್ಸಿನ ಪರೀಕ್ಷೆಗೆ ಕೂತ ಬೆಳಿಗ್ಗೆ ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರನ್ನು, "ಸಾರ್, ಚಳಿ... ಎಳೀಲಾ?" ಎಂದು ಹೆದರಿಕೊಂಡೇ ಕೇಳಿದರು. ಅವರು ಪಾಪ, "ಚಳಿ ಆಯ್ತಾ ತಾಯಿ?" ಎಂದು ತನ್ನ ಕಡೆಯ ಗಾಜು ಏರಿಸಿದರು. ಪುಟ್ಟಗೌರಮ್ಮ ಪಾಸಾದರು. ಗಾಜು ಏರಿಸಿಕೊಂಡು ಓಡಿಸುವುದೂ ಪರೀಕ್ಷೆಯ ನಿಯಮವೆಂದು ಅವರು ಕೊನೆಯವರೆಗೂ ನಂಬಿದ್ದರು.

ಮೆಕ್ಯಾನಿಕ್ ನಂಜುಂಡಾಚಾರರು ನಮ್ಮ ಬದುಕಿಗೆ ಬಂದಿದ್ದೂ ಪುಟ್ಟಗೌರಮ್ಮನಿಂದಲೇ. ಇನ್ನೂ ಕಲಿಯುತ್ತಿದ್ದ ಕಾಲದಲ್ಲಿ ಒಂದು ದಿನ ಅವರು ಮಾರುಕಟ್ಟೆಯಿಂದ ತಂದ ಕೈಚೀಲವನ್ನು ನನಗೆ ತಗಲಿಹಾಕಿ ಪಾಠಕ್ಕೆ ಕೂತರು. ಭಾರಕ್ಕೆ ನಾನು ಪೂರ್ತಿ ಹೊರಗೆ ಬಂದುಬಿಟ್ಟೆ. ಎಂಜಿನ್ ಬೆಚ್ಚಗಾದರೂ ಪೆಟ್ರೋಲು ಕುಡಿಯುತ್ತಲೇ ಹೋಯಿತು. ಹಿಂದೆ ಕರಿ ಹೊಗೆ, ಮುಂದೆ ಕೆಮ್ಮು. ಲಷ್ಕರ್ ಮೊಹಲ್ಲಾದಲ್ಲಿ ಒಂದು ಹೊಂಗೆ ಮರದ ಕೆಳಗೆ ಕಾರು ನಿಂತೇಬಿಟ್ಟಿತು. ಆ ಮರದ ಕೆಳಗೇ ಆಚಾರರ ಅಂಗಡಿ. ಅವರು ಬಂದು ಬಾನೆಟ್ಟಿಗೆ ಕೈ ಹಾಕುವ ಮೊದಲು ಕಿಟಕಿಯಿಂದ ಒಳಗೆ ಬಗ್ಗಿ ನೋಡಿದರು.

"ಕಾರು ಏನೂ ಕೆಟ್ಟಿಲ್ಲ ಮಿಸ್. ಎರಡು ಕೆ.ಜಿ. ಬದನೆಕಾಯಿ ತೆಗೆದ್ರೆ ಸರಿಹೋಗುತ್ತೆ."

ಮಿಸ್ಸಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ನಮ್ಮ ಕಾರಿನಲ್ಲಿ ಒಂದು ಕಾನೂನು ಬಂತು. ಚಳಿ ಗುಂಡಿಗೆ ಯಾರೂ ಏನೂ ತಗಲಿಹಾಕಬಾರದು. ಹೂವಿನ ಎಸಳೂ ಕೂಡದು.

ಹೆರಾಲ್ಡಿನ ಬಾನೆಟ್ಟು ಬೇರೆ ಕಾರುಗಳ ಹಾಗಲ್ಲ. ಮಡ್‌ಗಾರ್ಡಿನ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಎರಡು ಚಕ್ರಗಳು ಬಯಲಾಗುತ್ತವೆ. ಆಚಾರರು ಒಂದು ಚಕ್ರದ ಮೇಲೆ ಕೂತು ಕೆಲಸ ಮಾಡುತ್ತಿದ್ದರು. ಎದುರಿನ ಚಕ್ರದ ಮೇಲೆ ಮಿಸ್ ಕಾಫಿ ಲೋಟ ಹಿಡಿದು ಕೂರುತ್ತಿದ್ದರು. ನಡುವೆ ಎಂಜಿನ್. ಮೂರು ತಿಂಗಳಿಗೊಮ್ಮೆ, ಮೂವತ್ತೈದು ವರ್ಷಕ್ಕೂ ಹೆಚ್ಚು, ಅವರಿಬ್ಬರೂ ಹಾಗೆ ಕೂತಿದ್ದನ್ನು ನಾನು ಗಾಜಿನಾಚೆ ನೋಡಿದ್ದೇನೆ.

ಆಚಾರರ ಹತ್ತಿರ ಮೊಳದುದ್ದದ ಒಂದು ರಬ್ಬರ್ ಕೊಳವೆ ಇತ್ತು. ಅದರ ಒಂದು ತುದಿಯನ್ನು ಕಾರ್ಬೊರೇಟರಿನ ಬಾಯಿಗೆ ಹಿಡಿದು, ಇನ್ನೊಂದನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್. ಒಂದು ಎಳ್ಳಿನಷ್ಟು ಬಲಕ್ಕೆ, ಅರ್ಧ ಎಳ್ಳಿನಷ್ಟು ಎಡಕ್ಕೆ. "ಷ್," ಎಂದರೆ ಮಿಸ್ ಕಾಫಿ ಹೀರುವುದನ್ನೂ ನಿಲ್ಲಿಸುತ್ತಿದ್ದರು. ಕಡೆಗೆ ಎಂಜಿನ್ನಿನ ನಡುಕ ನಿಂತು ನನ್ನ ತಂತಿಯಲ್ಲಿ ಒಂದೇ ಸಮನೆಯ ಸಣ್ಣ ಗುಂಯ್‌ಗುಟ್ಟುವಿಕೆ ಉಳಿಯುತ್ತಿತ್ತು. ಆಚಾರರು ಕಣ್ಣು ತೆರೆದು, "ಈಗ ಉಸಿರು ಸರಿಯಾಯ್ತು," ಎನ್ನುತ್ತಿದ್ದರು. ಅದು ಯಾವತ್ತೂ ತಪ್ಪಿರಲಿಲ್ಲ.

ವರ್ಷಗಳು ಕಳೆದವು. ಗುಂಡಿಯಿಲ್ಲದ ಕಾರುಗಳು ಊರು ತುಂಬಿದವು. ನಮ್ಮಲ್ಲಿ ಕಲಿತ ಒಬ್ಬರು ಹೊಸ ಕಾರು ಕೊಂಡು, ಅಂಗಡಿಯವನನ್ನು "ಚಳಿ ಗುಂಡಿ ಎಲ್ಲಿದೆ?" ಎಂದು ಕೇಳಿ ಪೇಚಿಗೆ ಸಿಕ್ಕಿದರಂತೆ. ಮಿಸ್ ಬೋರ್ಡು ಇಳಿಸಿದರು. ಮದುವೆ ಆಗಿರಲಿಲ್ಲ. ಮಹಡಿಯ ಮೇಲೆ ತಮ್ಮ ಲೂರ್ದುಸ್ವಾಮಿ ಇದ್ದರು. ಆಮೇಲೂ ಮಿಸ್ ದಿನಾ ಬೆಳಿಗ್ಗೆ ನನ್ನನ್ನು ಎಳೆದು, ಎರಡು ಸಲ ಆಕ್ಸಿಲರೇಟರ್ ತುಳಿದು, ಕೀ ತಿರುಗಿಸಿ ಚರ್ಚಿಗೂ ಮಾರುಕಟ್ಟೆಗೂ ಹೋಗಿಬರುತ್ತಿದ್ದರು. ಅರವತ್ತೆಂಟು ವರ್ಷವಾಗಿತ್ತು. ಬೆರಳ ಗಿಣ್ಣುಗಳು ಸ್ವಲ್ಪ ಊದಿದ್ದವು. ಆದರೂ ಹಿಡಿತ ಗಟ್ಟಿಯಾಗಿತ್ತು. ಇದನ್ನು ಹೇಳಲು ನನಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಂದು ಸಲ ಎಂದಿನಂತೆ ಆಚಾರರ ಅಂಗಡಿಗೆ ಹೋದೆವು. ಅವರು ಚಕ್ರದ ಮೇಲೆ ಕೂತು ಕೊಳವೆಯನ್ನು ಕಿವಿಗೆ ಇಟ್ಟುಕೊಂಡರು. ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಆ ಕಿವಿಯಿಂದ ಈ ಕಿವಿಗೆ ಕೊಳವೆ ಬದಲಾಯಿಸಿದರು. ಹಿಂದೆಂದೂ ಹಾಗೆ ಮಾಡಿರಲಿಲ್ಲ. ಸ್ಕ್ರೂ ತಿರುಗಿಸಿದರು, ಮತ್ತೆ ತಿರುಗಿಸಿದರು. ನನ್ನ ತಂತಿಯಲ್ಲಿ ನಡುಕ ನಿಂತಿರಲಿಲ್ಲ. ಎಂಜಿನ್ ಒಂದು ಸಲ ಏರುತ್ತಿತ್ತು, ಒಂದು ಸಲ ಕುಸಿಯುತ್ತಿತ್ತು.

"ಈಗ ಉಸಿರು ಸರಿಯಾಯ್ತು," ಎಂದರು ಆಚಾರರು.

ಆ ಹೊತ್ತಿಗೆ ಮಿಸ್ ಒಳಗೆ ಬಂದು ಕೂತಿದ್ದರು. ಅವರ ಕೈ ನನ್ನ ಮೇಲಿತ್ತು. ಎಷ್ಟೋ ವರ್ಷ ಬೇರೆಯವರ ಕೈಯಲ್ಲಿ ಎಂಜಿನ್ ಕೆಮ್ಮುವುದನ್ನು ಕೇಳಿದವರು ಅವರು. ನನಗೆ ತಿಳಿದದ್ದು ಅವರಿಗೂ ತಿಳಿಯಿತು. ಬೆರಳು ನನ್ನ ಮೇಲೆ ಬಿಗಿಯಾಯಿತು.

"ಆಚಾರ್ರೇ," ಎಂದು ಮೆಲ್ಲಗೆ ಕರೆದರು. ಆಚಾರರು ಅತ್ತ ತಿರುಗಿ ಕೈ ಒರೆಸಿಕೊಳ್ಳುತ್ತಿದ್ದರು. ತಿರುಗಲಿಲ್ಲ. ಮಿಸ್ ಇನ್ನೊಂದು ಸಲ ಕರೆದರು. ತಿರುಗಲಿಲ್ಲ. ಅವರಾಗಿಯೇ ಇತ್ತ ನೋಡಿ, ಮಿಸ್ಸಿನ ತುಟಿ ಅಲ್ಲಾಡಿದ್ದನ್ನು ಕಂಡು, "ಏನಂದ್ರಿ?" ಎಂದರು.

"ಚೆನ್ನಾಗಿದೆ ಅಂದೆ," ಎಂದರು ರೆಜಿನಾ ಮಿಸ್.

ಅದರ ಮುಂದಿನ ವಾರ ಫೌಂಟನ್ ಸರ್ಕಲ್ಲಿನಲ್ಲಿ ಎಂಜಿನ್ ನಿಂತಿತು. ಹಿಂದೆ ಬಸ್ಸು, ಪಕ್ಕದಲ್ಲಿ ಆಟೋಗಳು. ಎಲ್ಲರ ಹಾರನ್ನು ಒಟ್ಟಿಗೆ. ಮೂರು ಸಲ ಹತ್ತಿಸಿದರು, ಮೂರು ಸಲವೂ ನಿಂತಿತು. ಅಂದು ತಮ್ಮ ಲೂರ್ದುಸ್ವಾಮಿಯೂ ಕಾರಿನಲ್ಲಿದ್ದರು. ಅವರು ಕೆಟ್ಟವರಲ್ಲ. ಹೆದರಿದ್ದರು.

"ಅಕ್ಕ, ಏನಾಯ್ತು? ಯಾಕ್ ನಿಲ್ತಿದೆ?"

ಮಿಸ್ ಹ್ಯಾಂಡ್‌ಬ್ರೇಕ್ ಎಳೆದರು. ಆಚಾರರು ಸರಿಯಾಗಿ ಮಾಡಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಲೂರ್ದುಸ್ವಾಮಿಗೆ ಗೊತ್ತಾದರೆ ಬೀದಿಗೆಲ್ಲ ಗೊತ್ತಾದ ಹಾಗೆ. ಕಿವಿಯಿಂದಲೇ ಹೆಸರು ಮಾಡಿದವರ ಕಿವಿ ಹೋಗಿದೆ ಎಂಬ ಮಾತು ಲಷ್ಕರ್ ಮೊಹಲ್ಲಾ ತಲುಪಲು ಒಂದು ದಿನ ಸಾಕು.

"ನನ್ನ ಬೆರಳು ಕಣೋ," ಎಂದರು. "ಮಡಚೋಕಾಗ್ತಿಲ್ಲ. ಗುಂಡಿ ಎಳೆಯೋಕೆ ಆಗ್ಲಿಲ್ಲ."

ನನಗೆ ಬಾಯಿದ್ದಿದ್ದರೆ ಅದು ಸುಳ್ಳೆಂದು ಕೂಗುತ್ತಿದ್ದೆ.

ಆ ಸುಳ್ಳು ಅವರ ಕಾಲಿಗೇ ಸುತ್ತಿಕೊಂಡಿತು. "ಹಂಗಾದ್ರೆ ನೀನು ಓಡಿಸೋದು ಸಾಕು ಬಿಡು," ಎಂದರು ತಮ್ಮ. ಎರಡೇ ದಿನದಲ್ಲಿ ಒಬ್ಬ ಗಿರಾಕಿಯನ್ನೂ ಕರೆತಂದರು. ಊರಾಚೆ ತೋಟವೊಂದರಲ್ಲಿ ಮದುವೆಯ ಜೋಡಿಗಳ ಫೋಟೋ ತೆಗೆಯುವವನು. ಅವನಿಗೆ ಓಡುವ ಕಾರು ಬೇಡ. ಹುಲ್ಲಿನ ಮೇಲೆ ನಿಲ್ಲಿಸಿ, ಒಳಗೆ ಗಂಡುಹೆಣ್ಣನ್ನು ಕೂರಿಸಿದರೆ ಸಾಕು. "ಎಂಜಿನ್ ತೆಗೆದ್ಬಿಟ್ರೂ ಪರ್ವಾಗಿಲ್ಲ ಆಂಟಿ," ಎಂದ ಆತ ನಗುತ್ತಾ. ಮಿಸ್ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದರು. ಅವರು ಆಚೆ ಸರಿಯುವವರೆಗೆ ಯಾರಿಗೂ ಬಾಗಿಲು ತೆಗೆಯಲಾಗಲಿಲ್ಲ.

"ಕ್ರಿಸ್ಮಸ್‌ವರೆಗೆ ಟೈಮ್ ಕೊಡು," ಎಂದರು ತಮ್ಮನಿಗೆ. "ಅಷ್ಟರೊಳಗೆ ಗುಂಡಿ ಎಳೀದೆ ಸ್ಟಾರ್ಟ್ ಆಗೋ ಹಂಗೆ ಮಾಡಿಸ್ತೀನಿ. ಆಗ್ಲಿಲ್ಲ ಅಂದ್ರೆ ಕೊಟ್ಬಿಡು."

ಆಚಾರರ ಹತ್ತಿರವೂ ಅದೇ ಸುಳ್ಳು ಹೇಳಿದರು. ಬೆರಳು, ಗಿಣ್ಣು, ನೋವು. ಆಚಾರರು ಮಿಸ್ಸಿನ ಬಾಯನ್ನೇ ನೋಡುತ್ತಾ ಕೇಳಿದರು. ಆಮೇಲೆ ತಮ್ಮ ಕೈಯಲ್ಲಿದ್ದ ರಬ್ಬರ್ ಕೊಳವೆಯನ್ನು ನೋಡಿದರು.

"ಹಂಗಿದ್ರೆ ಕಾರ್ಬೊರೇಟರೇ ಬೇಡ ಬಿಡಿ. ಪೆಟ್ರೋಲನ್ನ ತಾನೇ ಅಳೆದು ಬಿಡೋ ಇಂಜೆಕ್ಷನ್ ಹಾಕೋಣ. ಗುಂಡಿ ಎಳೆಯೋ ಹಾಗಿಲ್ಲ, ಸ್ಕ್ರೂ ತಿರುಗಿಸಿ ಟ್ಯೂನಿಂಗ್ ಮಾಡೋ ಹಾಗೂ ಇಲ್ಲ. ನಿಮ್ಮ ಬೆರಳಿಗೂ ಆರಾಮ."

ಟ್ಯೂನಿಂಗ್ ಎಂಬ ಮಾತು ಬಂದಾಗ ಅವರ ಸ್ವರ ಸ್ವಲ್ಪ ತಗ್ಗಿತು. ಮಿಸ್ ಹೊಂಗೆ ಮರದ ಕಡೆ ನೋಡಿದರು. ಒಬ್ಬರು ಕಿವಿಯ ಮಾತೆತ್ತಲಿಲ್ಲ. ಇನ್ನೊಬ್ಬರು ಬೆರಳನ್ನು ತೋರಿಸಿ ಎನ್ನಲಿಲ್ಲ.

ಕೆಲಸಕ್ಕೆ ಬನ್ನಿಮಂಟಪದ ಸಾದಿಕ್ ಬಂದರು. ನಲವತ್ತರ ಆಸುಪಾಸಿನವರು, ಲ್ಯಾಪ್‌ಟಾಪ್ ಹಿಡಿದು ಎಂಜಿನ್ ರಿಪೇರಿ ಮಾಡುವವರು. ಗುಜರಿಯಿಂದ ತಂದ ಬೇರೊಂದು ಸಣ್ಣ ಕಾರಿನ ಸಾಮಾನುಗಳನ್ನು ಬಟ್ಟೆಯ ಮೇಲೆ ಹರಡಿದರು. ಪೆಟ್ರೋಲ್ ಟ್ಯಾಂಕಿನ ಹತ್ತಿರ ಕರೆಂಟಿನ ಪಂಪು ಕೂತಿತು. ಎಂಜಿನ್ನಿನ ಮೇಲೆ ಪೆಟ್ರೋಲನ್ನು ಅಳೆದು ಚಿಮುಕಿಸುವ ನಳಿಗೆಗಳು ಕೂತವು. ಸೀಟಿನ ಕೆಳಗೆ ಅಂಗೈಯಗಲದ ಒಂದು ಪೆಟ್ಟಿಗೆ. ಅದೇ ಮೆದುಳಂತೆ. ಆಮೇಲೆ ಸಾದಿಕ್ ಕಿರುಬೆರಳಿನಷ್ಟು ಉದ್ದದ ಹಿತ್ತಾಳೆಯ ತುಂಡೊಂದನ್ನು ಎತ್ತಿ ತೋರಿಸಿದರು.

"ಇದು ನೀರಿನ ಬಿಸಿ ನೋಡೋ ಸೆನ್ಸರ್ ಮಿಸ್. ಎಂಜಿನ್‌ಗೆ ಎಷ್ಟು ಚಳಿ ಇದೆ ಅಂತ ಇದೇ ಪೆಟ್ಟಿಗೆಗೆ ಹೇಳುತ್ತೆ. ಎಷ್ಟು ಬೇಕೋ ಅಷ್ಟು ಪೆಟ್ರೋಲ್ ಅದೇ ಬಿಡುತ್ತೆ."

ನನ್ನ ಕೆಲಸವನ್ನು ತೆಗೆದುಕೊಂಡವನನ್ನು ನಾನು ಹಾಗೆ ಕಂಡೆ. ನೋಡಲು ಏನೂ ಇಲ್ಲ, ಮುಖದ ಮೇಲೆ ಅಕ್ಷರವೂ ಇಲ್ಲ. ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಸೋತರೆ ನಾವೆಲ್ಲ ಹುಲ್ಲಿನ ಮೇಲೆ ನಿಲ್ಲಬೇಕಾಗಿತ್ತು.

ಆಚಾರರು ಕಾರ್ಬೊರೇಟರಿನ ಎರಡು ನಟ್ಟು ಬಿಚ್ಚಿ, ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ನನ್ನ ತಂತಿಯನ್ನು ತಾವೇ ಕತ್ತರಿಸಿದರು. ನೋವಾಗಲಿಲ್ಲ. ಆದರೆ ಆ ಕ್ಷಣದಿಂದ ನನಗೆ ಎಂಜಿನ್ನಿನ ಉಸಿರು ಕೇಳುವುದು ನಿಂತಿತು. ಆಚಾರರಿಗೆ ಹೇಗಿದ್ದಿರಬಹುದೆಂದು ಆಗ ತಿಳಿಯಿತು.

"ಈ ಗುಂಡಿ ಕಿತ್ತು ಅಲ್ಲಿ ಮೊಬೈಲ್ ಚಾರ್ಜರ್ ಕೂರಿಸ್ಲಾ?" ಎಂದು ಸಾದಿಕ್ ಕೇಳಿದರು.

"ಅದನ್ನ ಮುಟ್ಬೇಡಿ," ಎಂದರು ಮಿಸ್.

"ಅದಕ್ಕೇನೂ ಕೆಲ್ಸ ಇಲ್ಲ ಮಿಸ್ ಈಗ."

"ನನಗೂ ಏನ್ ಕೆಲ್ಸ ಇದೆ? ಇರ್ಲಿ ಬಿಡಿ."

ಆಚಾರರು ನನ್ನ ತಂತಿಯ ತುಂಡಾದ ತುದಿಯನ್ನು ಬಗ್ಗಿಸಿ, ಎಳೆದರೆ ಕೈಗೆ ಬಾರದ ಹಾಗೆ ಭದ್ರ ಮಾಡಿದರು. ರಬ್ಬರ್ ಕೊಳವೆಯನ್ನು ಗೋಡೆಯ ಮೊಳೆಗೆ ನೇತುಹಾಕಿದರು.

ಕ್ರಿಸ್ಮಸ್ಸಿಗೆ ನಾಲ್ಕು ದಿನ ಇತ್ತು. ಮೈಸೂರಿನಲ್ಲಿ ಆ ವರ್ಷ ಚಳಿ ಜೋರು. ಬೆಳಿಗ್ಗೆ ಏಳಕ್ಕೆ ಮನೆಯ ಮುಂದೆ ಎಲ್ಲರೂ ಸೇರಿದರು. ಮಫ್ಲರ್ ಸುತ್ತಿಕೊಂಡ ಲೂರ್ದುಸ್ವಾಮಿ, ಫೋಟೋದ ಗಿರಾಕಿ, ಸಾದಿಕ್, ಆಚಾರರು. ಮಿಸ್ ಒಳಗೆ ಕೂತು ಕೀ ತಿರುಗಿಸಿದರು. ಎಂಜಿನ್ ತಿರುಗಿತು, ಹತ್ತಲಿಲ್ಲ. ಮತ್ತೊಮ್ಮೆ ತಿರುಗಿಸಿದರು. ಇಲ್ಲ. ಗಿರಾಕಿ ಕಾರಿನ ಸುತ್ತ ಒಂದು ಸುತ್ತು ಬಂದು, ಹೂವಿನ ಅಲಂಕಾರ ಎಲ್ಲಿ ಮಾಡಬಹುದೆಂದು ನೋಡತೊಡಗಿದ. ಮೂರನೆಯ ಸಲವೂ ಇಲ್ಲ.

"ಹೋಗ್ಲಿ ಬಿಡಕ್ಕ," ಎಂದರು ಲೂರ್ದುಸ್ವಾಮಿ. ಅವರ ಸ್ವರದಲ್ಲಿ ಗೆದ್ದ ಸಂತೋಷವಿರಲಿಲ್ಲ.

ಸಾದಿಕ್ ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದರು. ಮಿಸ್ಸಿನ ಬಲಗಾಲು ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿದಿತ್ತು. ಎಂಜಿನ್ ಹಟ ಹಿಡಿದಾಗ ಹಾಗೆ ಮಾಡುವುದು ಅವರ ನಲವತ್ತು ವರ್ಷದ ಪಾಠ. ಎಡಗೈ ನನ್ನನ್ನು ಪೂರ್ತಿ ಹೊರಗೆ ಎಳೆದು ಹಿಡಿದಿತ್ತು.

"ಅಯ್ಯೋ ಮಿಸ್, ಕಾಲು ತೆಗೀರಿ! ಅಷ್ಟು ಒತ್ತಿದ್ರೆ ಪೆಟ್ಟಿಗೆ ಪೆಟ್ರೋಲೇ ನಿಲ್ಲಿಸ್ಬಿಡುತ್ತೆ. ಏನೂ ಮಾಡ್ಬೇಡಿ. ಕೀ ಮಾತ್ರ ತಿರುಗ್ಸಿ."

"ಏನೂ ಮಾಡ್ದೇ ಹೆಂಗಪ್ಪಾ ಹತ್ತುತ್ತೆ?"

"ಹತ್ತುತ್ತೆ ಮಿಸ್. ಸುಮ್ನಿರಿ."

ಇಷ್ಟು ವರ್ಷ ಎಷ್ಟೋ ಹೆಂಗಸರಿಗೆ ಏನೇನು ಮಾಡಬೇಕೆಂದು ಹೇಳಿಕೊಟ್ಟವರಿಗೆ ಏನೂ ಮಾಡದೆ ಕೂರುವುದು ಎಷ್ಟು ಕಷ್ಟವೆಂದು ನಾನು ಹತ್ತಿರದಿಂದ ನೋಡಿದೆ. ಕಾಲು ಮೇಲೆತ್ತಿದರು. ನನ್ನನ್ನು ಒಳಗೆ ತಳ್ಳಿದರು, ಆದರೆ ಕೈ ಬಿಡಲಿಲ್ಲ. ಕೀ ತಿರುಗಿಸಿದರು.

ಹತ್ತಿತು. ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಹತ್ತಿತು. ಹೊಗೆ ಇಲ್ಲ, ಕೆಮ್ಮಿಲ್ಲ. ಮಿಸ್ ತಮ್ಮನನ್ನು ನೋಡಲಿಲ್ಲ, ಗಿರಾಕಿಯನ್ನೂ ನೋಡಲಿಲ್ಲ. ಮೊದಲು ಆಚಾರರನ್ನು ನೋಡಿದರು. ಆಚಾರರು ಎಂಜಿನ್ ಹತ್ತಿತೋ ಇಲ್ಲವೋ ತಿಳಿಯದೆ ಎಲ್ಲರ ಮುಖವನ್ನೂ ನೋಡುತ್ತಿದ್ದರು. ಮಿಸ್ ಕಿಟಕಿಯಿಂದ ಕೈ ಹೊರಗೆ ಚಾಚಿ, ಅವರ ಅಂಗೈಯನ್ನು ಹಿಡಿದು, ಬಾನೆಟ್ಟಿನ ಮೇಲೆ ಇಡಿ ಎಂದು ಸನ್ನೆ ಮಾಡಿದರು. ಆಚಾರರು ಇಟ್ಟರು. ತಗಡಿನ ಸಣ್ಣ ಕಂಪನ ಕೈಗೆ ತಾಗಿರಬೇಕು. ಮುಖ ಅರಳಿತು.

"ಉಸಿರು ಸರಿಯಿದೆ," ಎಂದರು.

ಲೂರ್ದುಸ್ವಾಮಿ ಗಿರಾಕಿಯನ್ನು ಕಾಫಿ ಕೊಟ್ಟು ಕಳಿಸಿದರು. ಕ್ರಿಸ್ಮಸ್ ಪೂಜೆಗೆ ಅಕ್ಕನ ಪಕ್ಕದಲ್ಲೇ ಕೂತು ಹೋದರು. ಈಗ ಯಾರೂ ಮಾರುವ ಮಾತೆತ್ತುವುದಿಲ್ಲ.

ನಾನು ಮುದುಕನಾಗಿದ್ದೇನೆ. ನನ್ನ ಮುಖದ ಬಿಳಿ ಬಣ್ಣ ಅರ್ಧ ಅಳಿಸಿದೆ. ಮಿಸ್ ಈಗಲೂ ಬೆಳಿಗ್ಗೆ ಕೀ ತಿರುಗಿಸುವ ಮುನ್ನ ನನ್ನನ್ನು ಎಳೆಯುತ್ತಾರೆ. ಆಮೇಲೆ ತಳ್ಳುತ್ತಾರೆ. ಕಾನೂನೂ ಹಾಗೇ ಇದೆ. ಮೊನ್ನೆ ಲೂರ್ದುಸ್ವಾಮಿ ಬ್ಯಾಗು ತಗಲಿಹಾಕಲು ಬಂದಾಗ ಬೈಸಿಕೊಂಡರು. ಕೆಲಸವಿಲ್ಲದೆ ಇದ್ದರೂ ಬೇಡದವನಾಗದೆ ಇರಬಹುದು ಎಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ಒಂದೇ ಒಂದು ಕೊರತೆ. ಇಂಜೆಕ್ಷನ್ ಬಂದ ಮೇಲೆ ಎಂಜಿನ್ ಕೆಡುವುದೇ ಇಲ್ಲ. ಮೂರು ತಿಂಗಳು ಕಳೆಯಿತು, ಆರು ತಿಂಗಳು ಕಳೆಯಿತು. ಲಷ್ಕರ್ ಮೊಹಲ್ಲಾದ ಕಡೆ ಹೋಗಲು ಒಂದು ಕಾರಣವೂ ಹುಟ್ಟಲಿಲ್ಲ.

ನಿನ್ನೆ ಮಿಸ್ ಮಾರುಕಟ್ಟೆಯಿಂದ ಮನೆಗೆ ತಿರುಗುವ ದಾರಿ ಬಿಟ್ಟು ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿದರು. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು, ಎರಡು ಲೋಟ. ಆಚಾರರು ರಸ್ತೆಗೆ ಬೆನ್ನು ಹಾಕಿ, ಮಣೆಯ ಮೇಲೆ ಕೂತು, ನಮ್ಮ ಹಳೆಯ ಕಾರ್ಬೊರೇಟರನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಅದು ಆಗಲೇ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಮೊಳೆಯ ಮೇಲೆ ಕೊಳವೆ ಇತ್ತು. ನಮ್ಮ ಎಂಜಿನ್ ಈಗ ಕಿವಿ ಚೆನ್ನಾಗಿರುವವರಿಗೇ ಕೇಳುವುದಿಲ್ಲ.

ಮಿಸ್ ನನ್ನನ್ನು ಪೂರ್ತಿ ಹೊರಗೆ ಎಳೆದರು, ಏನೋ ಕೆಟ್ಟಿದೆ ಎನ್ನುವ ಹಾಗೆ. ಗಾಜು ಇಳಿಸಿದರು.

"ಆಚಾರ್ರೇ, ಈ ಚಳಿ ಗುಂಡಿ ಯಾಕೋ ಸರಿಯಿಲ್ಲ. ಒಂದ್ಸಲ ನೋಡ್ತೀರಾ?"

ಬ್ರಷ್ಷು ಉಜ್ಜುತ್ತಲೇ ಇತ್ತು. ಒಂದು ಹೊಂಗೆ ಎಲೆ ಗಾಜಿನ ಮೇಲೆ ಬಿತ್ತು. ಮಿಸ್ ಹಾರನ್ನು ಒತ್ತಲಿಲ್ಲ, ಸ್ವರವನ್ನೂ ಏರಿಸಲಿಲ್ಲ. ಫ್ಲಾಸ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೊದಲಿಗಿಂತ ಮೆಲ್ಲಗೆ ಇನ್ನೊಮ್ಮೆ ಹೇಳಿದರು.

"ಒಂದ್ಸಲ ನೋಡಿ, ಆಚಾರ್ರೇ."